ಎರಡು ಇಂಚು ಹೆಚ್ಚಾದ ಎದೆ

ಬೀಗ ರಿಪೇರಿ ಮಾಡುವ ಬೀಗದ ಮಾಮನ ಬಗ್ಗೆ ಅಕ್ಕಪಕ್ಕದವರು ಹೇಳುತ್ತಿದ್ದುದು ಇಷ್ಟೇ: "ಎಂಥಾ ಬೀಗಾನಾದ್ರೂ ತೆಗೀತಾನೆ, ಮೈಮೇಲಿನ ಕೋಟು ಮಾತ್ರ ತೆಗೆಯಲ್ಲ!"

ಉರಿಬಿಸಿಲಲ್ಲೂ ಅದೇ ದಪ್ಪ ಕೋಟು. ಒಳಗಿನ ಗುಟ್ಟು ಅವನೊಬ್ಬನಿಗೇ ಗೊತ್ತು. ಅರವತ್ತರ ಹೊಸ್ತಿಲಲ್ಲಿ ಅವನ ಎದೆ ಹೆಂಗಸರ ಎದೆಯ ಹಾಗೆ ಬೆಳೆಯತೊಡಗಿತ್ತು. ಮುಟ್ಟಿದರೆ ನೋವು. ಯಾರ ಹತ್ತಿರ ಬಾಯಿಬಿಡುವುದು?

ಗ್ರಹಚಾರಕ್ಕೆ ಹೆಂಡತಿ ದರ್ಜಿ. ವರ್ಷಕ್ಕೊಮ್ಮೆ ಗಂಡನಿಗೆ ಎರಡು ಅಂಗಿ ಹೊಲಿಯುವವಳು, ಅದೂ ಹೊಸದಾಗಿ ಅಳತೆ ತೆಗೆದೇ.

"ಹಳೇ ಅಳತೇಲೇ ಹೊಲಿಯೇ!"

"ಸುಮ್ನೆ ನಿಂತ್ಕೊಳ್ಳಿ. ಇದು ಟೇಪು, ನೇಣಿನ ಹಗ್ಗ ಅಲ್ಲ."

ಎದೆ ಎರಡು ಇಂಚು ಹೆಚ್ಚು, ತೋಳಿನ ಸುತ್ತಳತೆ ಒಂದು ಇಂಚು ಕಮ್ಮಿ.

"ಹೆಮ್ಮೆಯಿಂದ ಉಬ್ಬಿದೆ ಕಣೇ," ಎಂದ ಮಾಮ.

"ಯಾವ ಘನಕಾರ್ಯ ಮಾಡಿದ್ದಕ್ಕೆ?"

ಮರುದಿನ ಅವಳು, ಡಾಕ್ಟರಮ್ಮನ ಕಪಾಟಿನ ಬೀಗ ಕೆಟ್ಟಿದೆಯಂತೆ ಎಂದು ಅವನನ್ನು ಹೊರಡಿಸಿದಳು. ಮಾಮ ಸಲಕರಣೆ ಹೊತ್ತು ಹೋದರೆ ಕಪಾಟು ಸಲೀಸಾಗಿ ತೆರೆಯಿತು; ಬೆನ್ನಹಿಂದೆಯೇ ಬಂದ ಹೆಂಡತಿ ಬಾಗಿಲಿಗೆ ಚಿಲಕ ಹಾಕಿದಳು.

ಹೊಟ್ಟೆ ಒತ್ತಿ, ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರಮ್ಮ ವರದಿ ಹಿಡಿದು ಕೂತರು. "ಈಸ್ಟ್ರೊಜೆನ್ ಅನ್ನೋ ಹೆಂಗಸರ ಹಾರ್ಮೋನು ಗಂಡಸರಲ್ಲೂ ಇರುತ್ತೆ ಮಾಮ. ಕೆಲಸ ಮುಗಿದದ್ದನ್ನ ಒಡೆದು ಆಚೆ ಕಳಿಸೋದು ಲಿವರ್ರು. ಲಿವರ್ ಸೋತರೆ ಅದು ಒಳಗೇ ಠಿಕಾಣಿ ಹೂಡುತ್ತೆ. ಎದೆ ಬೆಳೆಯೋದು ಅದರಿಂದ್ಲೇ ಇರಬಹುದು. ಎಷ್ಟು ಕುಡೀತೀರಿ?"

"ಅಪರೂಪಕ್ಕೆ..."

"ದಿನಕ್ಕೆರಡು ಸಲ ಅಪರೂಪ," ಎಂದಳು ಹೆಂಡತಿ.

"ಹೀಗೇ ಕುಡಿದ್ರೆ ಎರಡು ವರ್ಷ ಉಳಿದ್ರೆ ಹೆಚ್ಚು," ಎಂದರು ಡಾಕ್ಟರಮ್ಮ.

ಹೆಂಡತಿ ಮನೆಗೆ ಬಂದವಳೇ ಹೊಲಿಗೆಗೆ ಕೂತಳು. ಬೆಳಿಗ್ಗೆ ಮನೆಮುಂದಿನ ಅವಳ ಹೊಲಿಗೆ ಅಂಗಡಿಯ ಕಿಟಕಿಯಲ್ಲಿ ಹೊಸ ಅಂಗಿ ತೂಗಾಡುತ್ತಿತ್ತು: ಗಂಡಸಿನ ಕಾಲರು, ಎದೆಗೆ ಮಾತ್ರ ರವಿಕೆಯ ಹಾಗೆ ಮಡಿಕೆ ಹಿಡಿದ ಹೊಲಿಗೆ.

"ಯಾರದ್ದಕ್ಕಾ ಇದು?" ಹಾಲಿನವಳು ಕೇಳಿದಳು.

"ಒಬ್ರು ಗಿರಾಕಿದು. ಕುಡಿತ ಬಿಟ್ರೆ ಬಿಚ್ಚಿ ಹೊಲೀತೀನಿ. ಇಲ್ದಿದ್ರೆ ಹೆಸರು ಬರೆದು ನೇತುಹಾಕ್ತೀನಿ."

ಒಳಗಿದ್ದ ಮಾಮನ ಜೀವ ಬಾಯಿಗೆ ಬಂತು. ಬಾಟಲಿಗಳೆಲ್ಲ ಅವತ್ತೇ ಮೋರಿ ಕಂಡವು. ಆಮೇಲೆ ತಿಂಗಳುಗಟ್ಟಲೆ ಕಂಡಕಂಡವರ ಮೇಲೆ ರೇಗಿದ. ಆದರೂ ಹನಿ ಮುಟ್ಟಲಿಲ್ಲ. ಎದೆ ಪೂರಾ ಇಳಿಯಲಿಲ್ಲ. ಲಿವರ್ ಮಾತ್ರ ಕುಂಟುತ್ತಾ ಹನ್ನೊಂದು ವರ್ಷ ದುಡಿಯಿತು.

ಅದೂ ಕೈಚೆಲ್ಲಿದ ದಿನ ಆಂಬುಲೆನ್ಸಿನವರು ಸ್ಟ್ರೆಚರ್ ತಂದರು. ಮಾಮ ಅದನ್ನೊಮ್ಮೆ ನೋಡಿ ಮೂಗು ಮುರಿದ. ಹೆಂಡತಿಯ ಹೆಗಲು ಹಿಡಿದು ಮೆಟ್ಟಿಲಿಳಿದು, ಡ್ರೈವರನ ಪಕ್ಕದ ಬಾಗಿಲು ತಾನೇ ತೆಗೆದ.

"ಹಿಂದೆ ಮಲಗ್ಬೇಕು ಅಜ್ಜ!"

"ಅಲ್ಲಿ ನಮ್ಮನೆಯೋಳು ಆರಾಮಾಗಿ ಮಲಗ್ಲಿ. ಹನ್ನೊಂದು ವರ್ಷ ನನ್ನ ಕಾವಲು ಕಾದು ಸುಸ್ತಾಗಿದ್ದಾಳೆ," ಎಂದು ಮಾಮ ಹತ್ತಿ ಕೂತ.