ಬಾಗಿಲಾಚೆಯ ಅತ್ತೆ

ದೊಡ್ಡಮ್ಮ ಮೊದಲು ನೋಡಿದ್ದು ಹುಡುಗಿಯ ಕಾಲನ್ನು. ಮೀನು ಇಡುವ ಕೋಲ್ಡ್ ಸ್ಟೋರೇಜಿನ ಹೊರಗಟ್ಟೆಯಲ್ಲಿ, ಮಗುಚಿ ಹಾಕಿದ ಪ್ಲಾಸ್ಟಿಕ್ ಕ್ರೇಟಿನ ಮೇಲೆ ದೊಡ್ಡಮ್ಮ ಕೂತಿದ್ದಳು. ಹೊರಗೆ ಸುಡುಬಿಸಿಲು. ಆದರೂ ಅವಳ ಮೈಮೇಲೆ ಎರಡು ಸ್ವೆಟರ್, ಕಾಲಿಗೆ ಗಂಡಸರ ಬೂಟು, ಕೈಯಲ್ಲಿ ಬಿಸಿನೀರಿನ ಲೋಟ. ಕೆಲಸ ಕೇಳಿಕೊಂಡು ಬಂದ ಹುಡುಗಿ ರಬ್ಬರ್ ಚಪ್ಪಲಿಯಲ್ಲಿ ನಿಂತಿದ್ದಳು.

"ಇದನ್ನ ಹಾಕ್ಕೊಂಡು ಒಳಗೆ ಹೋದ್ರೆ ಸಂಜೆಗೆ ಬೆರಳು ಎಣಿಸ್ಕೋಬೇಕಾಗತ್ತೆ," ಎಂದಳು ದೊಡ್ಡಮ್ಮ. ಆಮೇಲೆ ತಲೆಯೆತ್ತಿ ನೋಡಿ, "ಅಯ್ಯೋ, ಏನೇ ಇದು, ಬೆಂಕಿಕಡ್ಡಿ ಹಾಗಿದ್ದೀಯ! ಮನೇಲಿ ಯಾರಿದ್ದಾರೆ?"

"ಅಮ್ಮ, ತಮ್ಮ. ಅಮ್ಮಂಗೆ ಹುಷಾರಿಲ್ಲ. ದುಡಿಯೋಳು ನಾನೊಬ್ಬಳೇ."

"ಸರಿ. ಕಾಲುಚೀಲ ಕೊಡ್ತೀನಿ, ಬಾ."

ಅಂದಿನಿಂದ ಅವಳ ಹೆಸರು ಕಡ್ಡಿ. ಹೊರಗಿನ ಹಾಲ್‌ನಲ್ಲಿ ಮೀನನ್ನು ಗಾತ್ರದ ಪ್ರಕಾರ ಆರಿಸಿ ಪೆಟ್ಟಿಗೆಗೆ ತುಂಬುವುದು ಅವಳ ಕೆಲಸ. ಹಮಾಲರು ಪೆಟ್ಟಿಗೆಗಳನ್ನು ಶೀತಕೋಣೆಗೆ ಸಾಗಿಸುತ್ತಿದ್ದರು. ಆ ಕೋಣೆಯ ಬಾಗಿಲು ದೊಡ್ಡಮ್ಮನ ಸುಪರ್ದಿಯಲ್ಲಿತ್ತು. ಗೇಣುದಪ್ಪದ ಬಾಗಿಲು, ಹಾಕಿದರೆ ಒಳಗಿನ ಕೂಗು ಹೊರಗೆ ಕೇಳದು.

ಆ ಬಾಗಿಲಿಗೊಂದು ಪದ್ಧತಿಯಿತ್ತು. ಸಂಜೆ ಹಾಕುವ ಮುಂಚೆ ಎಲ್ಲರೂ ಕೈಕಟ್ಟಿ ನಿಲ್ಲಬೇಕು. ದೊಡ್ಡಮ್ಮ ಕತ್ತಲೆಯೊಳಗೆ ಮುಖ ಹಾಕಿ, "ಅತ್ತೇ, ಬಾಗಿಲು ಹಾಕ್ಲಾ?" ಎಂದು ಗಟ್ಟಿಯಾಗಿ ಕೇಳುತ್ತಿದ್ದಳು. ಆಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ಸ್ವಲ್ಪ ಹೊತ್ತು ಕಾದು, ಒಳಗಿನಿಂದ ಸದ್ದಿಲ್ಲದಿದ್ದರೆ ಬಾಗಿಲು ಎಳೆಯುವುದು. ಕೋಣೆಯಲ್ಲಿ ಅತ್ತೆ ಇದ್ದಾಳೆ, ಅವಳಿಗೆ ಹೇಳದೆ ಬಾಗಿಲು ಹಾಕಿದರೆ ಮನೆ ಹಾಳಾಗುತ್ತದೆ ಎಂಬುದು ಅಲ್ಲಿನವರ ನಂಬಿಕೆ. ಒಳಗೆ ಹೋದವರೆಲ್ಲ ಅತ್ತೆಮನೆಗೆ ಹೊಸದಾಗಿ ಬಂದ ಸೊಸೆಯಂತೆ ನಡುಗುತ್ತಾರಲ್ಲ, ಅದಕ್ಕೇ ಆ ಹೆಸರು.

ಇದನ್ನು ಕಡ್ಡಿಗೆ ಹೇಳಲು ಎಲ್ಲರೂ ಮರೆತಿದ್ದರು. ಮೊದಲ ದಿನವೇ ಸಂಜೆ ದೊಡ್ಡಮ್ಮ "ಅತ್ತೇ, ಬಾಗಿಲು ಹಾಕ್ಲಾ?" ಎಂದಾಗ ಹಿಂದಿನಿಂದ ಕಡ್ಡಿ, ಪಾಪ, ಹಿರಿಯರು ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ ಚೆನ್ನಾಗಿರದು ಎಂದುಕೊಂಡು, "ಹೂಂ, ಹಾಕಿ ದೊಡ್ಡಮ್ಮ," ಎಂದುಬಿಟ್ಟಳು.

ಹಮಾಲರಲ್ಲಿ ಹಿರಿಯ, ಎಲ್ಲರೂ ಮೀಸೆ ಎಂದೇ ಕರೆಯುವವನು, ಹೌಹಾರಿ ತಿರುಗಿದ. ಮರುದಿನ ಕಂಪ್ರೆಸರ್ ಕೆಟ್ಟು ನಿಂತಿತು. ಒಂದು ಸಾಲು ಮೀನು ಮೆತ್ತಗಾಯಿತು. ಅದರ ಮಾರನೆಯ ದಿನ ಹಮಾಲನೊಬ್ಬ ನೀರಿನಲ್ಲಿ ಜಾರಿ ಕಾಲು ಮುರಿದುಕೊಂಡ. ಅಷ್ಟು ಸಾಕಾಯಿತು. ಅತ್ತೆಯ ಬಾಯಿಂದ ಮಾತು ಕಸಿದುಕೊಂಡವಳ ಜೊತೆ ನಾವು ಕೆಲಸ ಮಾಡುವುದಿಲ್ಲ ಎಂದು ಹಮಾಲರು ಪಟ್ಟು ಹಿಡಿದರು. ಮೇಸ್ತ್ರಿ ನಂಬುವವನಲ್ಲ, ಆದರೆ ಲಾರಿಗಳು ಕಾದು ನಿಂತಿದ್ದವು. "ನೋಡಮ್ಮ, ಸೋಮವಾರದಿಂದ ಬರಬೇಡ. ನನಗೂ ಬೇರೆ ದಾರಿಯಿಲ್ಲ," ಎಂದ.

ಕಡ್ಡಿ ಅಳಲಿಲ್ಲ. ಅಮ್ಮನ ಮಾತ್ರೆ ತೀರಿದೆ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ದೊಡ್ಡಮ್ಮ ಅವಳ ಕೈಹಿಡಿದು ಹಮಾಲರು ಊಟಕ್ಕೆ ಕೂತಿದ್ದ ಶೆಡ್ಡಿಗೆ ಎಳೆದುಕೊಂಡು ಹೋದಳು.

"ಅತ್ತೆನೂ ಇಲ್ಲ, ಗಿತ್ತೆನೂ ಇಲ್ಲ ಕಣ್ರೋ. ನಾನೇ ಕಟ್ಟಿದ ಕಥೆ ಅದು."

ಮೀಸೆ ತುತ್ತು ಕೆಳಗಿಟ್ಟ. "ಬಿಡ್ತು ಅನ್ನು ದೊಡ್ಡಮ್ಮ. ಅವಳು ಕೆಮ್ಮಿದ್ದನ್ನ ಈ ಕಿವೀಲೇ ಕೇಳಿದ್ದೀನಿ."

"ಅದು ಪೈಪಿನ ಸದ್ದೋ ಮಂಕೇ!"

"ಪೈಪ್ ಯಾವ್ದು ಅತ್ತೆ ಯಾವ್ದು ಗೊತ್ತಾಗಲ್ವಾ? ಮನೇಲೊಬ್ಬಳನ್ನ ಸಾಕಿದ್ದೀನಿ."

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಒಬ್ಬ ಮೆಲ್ಲಗೆ, "ಹುಡುಗಿ ಮೇಲಿನ ಕನಿಕರಕ್ಕೆ ಹೀಗಂತಿದ್ದಾಳೆ, ಪಾಪ," ಎಂದ. ಉಳಿದವರು ತಲೆಯಾಡಿಸಿದರು. ಕಥೆ ಕಟ್ಟಿದವಳ ಮಾತನ್ನೇ ನಂಬುವವರಿರಲಿಲ್ಲ.

ಕಟ್ಟೆಗೆ ಬಂದು ಕೂತ ಮೇಲೆ ದೊಡ್ಡಮ್ಮ ಕಡ್ಡಿಗೆ ಉಳಿದದ್ದನ್ನು ಹೇಳಿದಳು. ಅವಳ ಗಂಡ ಇಲ್ಲೇ ಹಮಾಲನಾಗಿದ್ದ. ಒಂದು ಶನಿವಾರ ಪೆಟ್ಟಿಗೆಗಳ ಹಿಂದೆ ಇದ್ದಾಗ ಬಾಗಿಲು ಹಾಕಿಬಿಟ್ಟರು. ಎಲ್ಲರೂ ಹೊರಗಿದ್ದಾರೆಂದು ಎಲ್ಲರೂ ತಿಳಿದಿದ್ದರು. ಒಳಗಿನ ಹಿಡಿ ಹಿಮಗಟ್ಟಿ ತಿರುಗಲಿಲ್ಲ. ಸೋಮವಾರ ತೆರೆದಾಗ ಅವನ ಜೀವ ಹೋಗಿತ್ತು. ಹಿಡಿ ಬದಲಾಯಿಸಿದರು, ಒಳಗೆ ನೋಡಿ ಬಾಗಿಲು ಹಾಕಿ ಎಂದು ಬೋರ್ಡು ಬರೆಸಿದರು. ಹೆಂಡತಿಗೆ ಅಲ್ಲೇ ಕೆಲಸ ಕೊಟ್ಟರು. ಕೆಲವೇ ದಿನದಲ್ಲಿ ಬೋರ್ಡಿನ ಮೊಳೆಗೆ ಯಾರದೋ ಟವೆಲ್ ನೇತಾಡುತ್ತಿತ್ತು.

"ಬೋರ್ಡಿಗೆ ಯಾರು ಹೆದರ್ತಾರೆ ಹೇಳು? ಅತ್ತೆಗಾದ್ರೆ ಹೆದರ್ತಾರೆ, ಬಾಯಿ ಮುಚ್ಕೊಂಡು ಕಾಯ್ತಾರೆ. ಒಳಗೆ ಯಾರಾದ್ರೂ ಉಳಿದಿದ್ರೆ ಕೂಗು ಕೇಳತ್ತೆ."

"ಅಷ್ಟಕ್ಕೇನಾ ದೊಡ್ಡಮ್ಮ, ಕಥೆ ಕಟ್ಟಿದ್ದು?"

ದೊಡ್ಡಮ್ಮ ಲೋಟ ಕೆಳಗಿಟ್ಟಳು. "ಅವರೊಬ್ಬರೇ ಇದ್ರು ಅಂತ ನೆನೆಸ್ಕೊಂಡ್ರೆ ನನಗೆ ಅನ್ನ ಸೇರ್ತಿರಲಿಲ್ಲ ಕಣೆ. ಯಾರೋ ಹಿರಿಯೋಳು ಪಕ್ಕದಲ್ಲಿ ಕೂತಿದ್ದಳು ಅಂದ್ಕೊಂಡೆ. ಹಾಗಂದ್ಕೊಂಡ ಮೇಲೆ ಈ ಬಾಗಿಲ ಹತ್ರ ನಿಲ್ಲೋಕಾಯ್ತು."

ಕಡ್ಡಿ ದೊಡ್ಡಮ್ಮ ಕೊಟ್ಟ ಕಾಲುಚೀಲ ಬಿಚ್ಚಿ ಮಡಚಿಟ್ಟಳು. ಚಪ್ಪಲಿ ಹಾಕಿಕೊಂಡು ಮನೆಗೆ ಹೊರಟಳು. ದೊಡ್ಡಮ್ಮ ಕೂಗಿ ಹೇಳಿದಳು: "ಸೋಮವಾರ ಬಾ. ಬರದೇ ಇದ್ದೀಯಾ ಮತ್ತೆ!"

ಸೋಮವಾರ ಬೆಳಿಗ್ಗೆ ಹಮಾಲರು ಸೇರುತ್ತಿದ್ದಂತೆ ದೊಡ್ಡಮ್ಮ ಬಾಗಿಲಿಗೆ ಅಡ್ಡನಿಂತು ಶುರು ಮಾಡಿದಳು. "ಅತ್ತೆ ಇಲ್ಲ ಅಂದಿದ್ದು ನನ್ನದೇ ತಪ್ಪು. ಇದ್ದಾಳೆ. ಇಷ್ಟು ವರ್ಷ ನಾವು ಕೇಳ್ತಾನೇ ಇದ್ದೀವಿ, ಅವಳ ಪರವಾಗಿ ಒಬ್ಬರಾದ್ರೂ ಬಾಯಿ ಬಿಟ್ಟಿದ್ದೀರಾ? ಈ ಹುಡುಗಿ ಬಿಟ್ಟಳು. ಅತ್ತೆ ಪರವಾಗಿ ಬಾಗಿಲಲ್ಲಿ ಮಾತಾಡೋರು ಯಾರ್ರೋ?"

"ಮಗ," ಎಂದನೊಬ್ಬ.

"ಮಗ ಎಲ್ಲಿ ಮಾತಾಡ್ತಾನೆ, ಮಣ್ಣು! ಸೊಸೆ. ಅತ್ತೆ ಸೊಸೆ ತಂದ್ಕೊಂಡಿದ್ದಾಳೆ. ಅವಳನ್ನ ನೀವು ಹೊರಗೆ ಹಾಕಿದ್ರೆ ಅತ್ತೆ ಸುಮ್ನಿರ್ತಾಳಾ?"

ಮೀಸೆ ತನ್ನ ಮೀಸೆ ತಿರುವಿದ. "ಹಾಗಾದ್ರೆ ಕಂಪ್ರೆಸರ್ ಯಾಕೆ ಕೆಡ್ತು?" ಎಂದು ತಾನೇ ಕೇಳಿ, ತಾನೇ ಉತ್ತರ ಕೊಟ್ಟ: "ಹೊಸ ಸೊಸೆ ಬಂದ ವಾರ ಮನೇಲಿ ಪಾತ್ರೆ ಸದ್ದು ಇದ್ದದ್ದೇ ಬಿಡು."

ಅದು ಎಲ್ಲರಿಗೂ ಒಪ್ಪಿತವಾಯಿತು. ದೊಡ್ಡಮ್ಮ ಅಲ್ಲೇ ಇನ್ನೊಂದು ಮಾತು ಸೇರಿಸಿದಳು: ಸೊಸೆ ಇನ್ನು ಉತ್ತರ ಕೊಡುವಂತಿಲ್ಲ, ಆದರೆ ದಿನಾ ಸಂಜೆ ಟಾರ್ಚು ಹಿಡಿದು ಒಳಗೆ ಹೋಗಿ ಅತ್ತೆಯ ಮನೆ ಮೂಲೆ ಮೂಲೆ ನೋಡಿ ಬರಬೇಕು, ಅವಳು ಹೊರಗೆ ಬಂದ ಮೇಲೆಯೇ ಅತ್ತೆಯನ್ನು ಕೇಳುವುದು. ಮೇಸ್ತ್ರಿ ಕಡ್ಡಿಯ ಕಡೆ ನೋಡಿ, "ನಿಂತಿದ್ದೀಯೇನು? ಮೀನು ಕಾಯ್ತಿದೆ, ಹೋಗು," ಎಂದ.

ಕಡ್ಡಿಯ ಕೆಲಸ ಉಳಿಯಿತು. ದೊಡ್ಡಮ್ಮನಿಗೆ ಈಗ ಮೊಣಕಾಲು ಹಿಡಿದುಕೊಂಡಿದೆ, ಬಾಗಿಲನ್ನು ಕಡ್ಡಿಗೆ ವಹಿಸಿದ್ದಾಳೆ. ತಾನು ಗೇಟಿನ ಪಕ್ಕದ ಕೋಣೆಯಲ್ಲಿ ಹರಿದ ಚೀಲ ಹೊಲಿಯುತ್ತಾಳೆ, ಕೆಲಸಕ್ಕೆ ಹೊಸಬರು ಬಂದರೆ ಕೂರಿಸಿಕೊಂಡು ಅತ್ತೆ ಸೊಸೆಯರ ಕಥೆ ಪೂರ್ತಿ ಹೇಳಿ ಒಳಗೆ ಕಳಿಸುತ್ತಾಳೆ.