ಮಾಮಾನ ಎರಡನೆಯ ಫೋನ್

ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಇಳಿದ ಕೆಂಪು ಗೆರೆ ಮಾಮಾನ ಮುಖದಿಂದ ಅಳಿಯುತ್ತಲೇ ಇರಲಿಲ್ಲ. ಆಕ್ಸಿಜನ್ ಮಾಸ್ಕ್ ಒತ್ತಿ ಒತ್ತಿ ಮೂಡಿದ್ದು. ಅವ್ವನ ಈ ತಮ್ಮ ಗೊರೇಬಾಳದಿಂದ ವಾಯುಪಡೆಗೆ ಹೋಗಿ, ಹೊಸ ಯುದ್ಧವಿಮಾನಗಳನ್ನು ಮೊದಲು ಹಾರಿಸಿ ಪರೀಕ್ಷಿಸುವ ಪೈಲಟ್ ಆದವನು. ಸಿಂಧನೂರಿನ ನಮ್ಮ ಮನೆಗೆ ಬಂದರೆ ಅಪ್ಪನ ಬೈಕಿಗೂ ಒಂದು ಸುತ್ತು ಹಾಕಿ, ಗಾಲಿ ಒದ್ದು, ಬ್ರೇಕ್ ಒತ್ತಿ ನೋಡಿಯೇ ಹತ್ತುತ್ತಿದ್ದ. "ಈ ಸಲದ ವಿಮಾನ ಹೆಂಗೈತಿ ಮಾಮಾ?" ಎಂದು ಕೇಳಿದರೆ "ಇಳದ ಮ್ಯಾಲೆ ಹೇಳ್ತೀನಿ" ಅನ್ನುವುದೇ ಅವನ ಉತ್ತರ.

ಹಾರುವ ಮುಂಚೆ ಅವ್ವನಿಗೆ ಒಂದು ಫೋನ್, ಇಳಿದ ಮೇಲೆ ಇನ್ನೊಂದು. ಎರಡರ ನಡುವೆ ನಮ್ಮ ಮನೆಯಲ್ಲಿ ಯಾರೂ ಕಸಬರಿಗೆ ಮುಟ್ಟುವಂತಿರಲಿಲ್ಲ. ಹೆಣ ಎತ್ತಿದ ಮೇಲೆ ಮನೆ ಗುಡಿಸುತ್ತಾರಲ್ಲ, ಅದಕ್ಕೇ ನಮ್ಮ ಕಡೆ ಊರಿಗೆ ಹೊರಟವರ ಬೆನ್ನ ಹಿಂದೆ ಗುಡಿಸುವುದಿಲ್ಲ. ಅವ್ವನ ಪಾಲಿಗೆ ಆಕಾಶವೂ ಒಂದು ಊರೇ.

ಮಾಮಾ ಎತ್ತರದ ದಾಖಲೆಗೆಂದು ಹಾರಿದ ದಿನವೇ ನನ್ನನ್ನು ನೋಡಲು ಲಿಂಗಸುಗೂರಿನಿಂದ ಗಂಡಿನವರು ಹೊರಟಿದ್ದರು. ಹನ್ನೊಂದಾಯಿತು, ಹನ್ನೆರಡಾಯಿತು, ಎರಡನೆಯ ಫೋನಿಲ್ಲ. ಗಂಡಿನವರು ಮಸ್ಕಿ ದಾಟಿದ ಸುದ್ದಿ ಮಾತ್ರ ಬಂತು. ಪಡಸಾಲೆ ತುಂಬ ಭತ್ತದ ಹೊಟ್ಟು, ಧೂಳು. ನನಗೆ ನಾಚಿಕೆ. ಅವ್ವ ಒಲೆಯ ಮುಂದಿದ್ದಾಗ ಸರಸರ ಗುಡಿಸಿ ಹಿತ್ತಿಲಿಗೆ ಚೆಲ್ಲಿಬಿಟ್ಟೆ.

"ಏನ್ ಮಾಡಿದಿ ಬೇ?" ಸ್ವಚ್ಛ ನೆಲ ಕಂಡ ಅವ್ವ ಕೂಗಿದಳು. ಹಿತ್ತಿಲಿಗೆ ಓಡಿದಳು. ಆ ಕಸವನ್ನೇ ಸೆರಗಿನಲ್ಲಿ ತುಂಬಿ ತಂದು ಪಡಸಾಲೆಗೆ ಮತ್ತೆ ಹರವಿದಳು. ಮಾಮಾನನ್ನು ನಾನೇ ಕೊಂದೆ ಅನ್ನಿಸಿತು. ಗಂಡಿನವರು ಬಂದು ಆ ಹೊಟ್ಟಿನ ಮೇಲೇ ಜಮಖಾನೆ ಹಾಸಿಸಿಕೊಂಡು ಕೂತರು. ಚಹಾ ಕೊಡಲು ಹೋದ ನನಗೆ ಹುಡುಗನ ಮುಖ ಕಾಣಲೇ ಇಲ್ಲ. ಕಂಡದ್ದು ಅವ್ವನ ಮಡಿಲಲ್ಲಿದ್ದ ಫೋನ್.

ಕೊನೆಗೂ ಅದು ಬಡಕೊಂಡಿತು.

"ಇಳದೀಯೇನೋ ತಮ್ಮಾ?"

"ಇಳದೀನಿ ಅಕ್ಕಾ. ದಾಖಲೆ ಆತು. ಮ್ಯಾಲೆ ಎಂಜಿನ್ ನಿಂತಿತ್ತು, ಕೆಳಗ ಬಂದಮ್ಯಾಲೆ ಚಾಲೂ ಆತು."

ಆ ಸಂಬಂಧವೂ ಕೂಡಿತು. ಹೊಟ್ಟಿನ ಮೇಲೆ ಕೂರಿಸಿದಿರಿ ಎಂದು ನಮ್ಮ ಅತ್ತೆ ಇಂದಿಗೂ ಹಂಗಿಸುತ್ತಾರೆ. ಮಾಮಾ ರಜೆಗೆ ಬಂದಾಗ ಅಳುತ್ತಾ ಎಲ್ಲ ಒಪ್ಪಿಕೊಂಡೆ. ಅವನು ನಗಲಿಲ್ಲ. "ನಿನ್ನ ಕಸಬರಿಗಿಗೆ ಎಂಜಿನ್ ನಿಲ್ಲಂಗಿಲ್ಲವ್ವಾ. ಆದ್ರ ಮ್ಯಾಲೆ ನನಗೂ ಅಂಜಿಕಿ ಆಕ್ಕತಿ. ಆವಾಗ, ಅಕ್ಕ ಕಸ ಬಿಟ್ಟು ಕುಂತಾಳ, ಇಳೀಬೇಕು ಅನ್ಕೋತೀನಿ" ಎಂದ.

ಅಷ್ಟೆಲ್ಲ ಹಾರಿ ಇಳಿದವನು, ನಿವೃತ್ತನಾಗಿ ಬಂದು, ಈ ಬೇಸಿಗೆಯಲ್ಲಿ ಗೊರೇಬಾಳದ ಮನೆಯಲ್ಲೇ ಎದೆನೋವಿನಿಂದ ತೀರಿಕೊಂಡ. ಗಂಡಸರು ಅವನನ್ನು ಹೊತ್ತುಕೊಂಡು ಹೊಲದ ಕಡೆ ಹೋದರು. ಮನೆ ಗುಡಿಸೆಂದು ಯಾರೋ ನನ್ನ ಕೈಗೆ ಕಸಬರಿಗೆ ಕೊಟ್ಟರು. ಬಗ್ಗಿದೆ. ಅವ್ವ ಬಂದು ನನ್ನ ಮುಂಗೈ ಹಿಡಿದಳು. ಅವಳ ಇನ್ನೊಂದು ಕೈಯಲ್ಲಿ ಫೋನಿತ್ತು.

"ತಡೀ ಬೇ," ಎಂದಳು. "ಇನ್ನಾ ಅವನ ಫೋನ್ ಬಂದಿಲ್ಲ."