ಸವ್ರಿಮೋ ಬೇರ್ಪಡಿಸುವ ಎರಡು ಚೇಳುಕೊಂಡಿ

ದರಾಯಿ ಕಬೂದ್ ಹಳ್ಳಿಯ ಹಿಂದಿನ ಗುಡ್ಡಕ್ಕೆ ಇನ್ನೂ ಬಿಸಿಲು ತಾಗಿಲ್ಲ. ಗೋಧಿ ಹೊಲದ ಬದುವಿನಲ್ಲಿ ಸವ್ರಿಮೋ ಮಂಡಿಯೂರಿ ಕೂತಿದ್ದಾರೆ. ಎಡಗೈಯಲ್ಲಿ ಒಂದು ಗಿಡ, ಬಲಗೈಯಲ್ಲಿ ಅಂಥದೇ ಇನ್ನೊಂದು. ಎರಡೂ ಗೇಣುದ್ದ, ಎರಡಕ್ಕೂ ಬೂದುಹಸಿರು ಎಲೆ, ಪುಟಾಣಿ ಬಿಳಿ ಹೂ. ತುದಿಯ ಗೊಂಚಲು ಚೇಳಿನ ಕೊಂಡಿಯಂತೆ ಸುರುಳಿ ಸುತ್ತಿದೆ. ನನ್ನ ಕಣ್ಣಿಗೆ ಎರಡೂ ಒಂದೇ.

"ಇಬ್ಬನಿ ನೋಡಿ," ಅನ್ನುತ್ತಾರೆ. "ಇದರ ಕಾಯಿ ಮೇಲೆ ಹನಿ ಹಾಗೇ ಕೂತಿದೆ, ಸಣ್ಣ ರೋಮ ಇದಾವೆ ಅದಕ್ಕೆ. ಇದರ ಮೇಲಿಂದ ಜಾರಿಹೋಗಿದೆ. ಬೋಳು. ಬಿಸಿಲು ಬಂದ್ರೆ ಮುಗೀತು, ನಂಗೂ ಕಷ್ಟ. ಅದಕ್ಕೇ ಇಷ್ಟು ಬೇಗ ಎಬ್ಬಿಸಿದ್ದು. ಮುಖ ಯಾಕೆ ಹಾಗೆ ಮಾಡ್ಕೊಂಡಿದೀರಿ?"

ಅರವತ್ತೊಂದು ವರ್ಷದ ಸವ್ರಿಮೋ ಊರಿಗೆಲ್ಲ 'ಖೋಲಾ', ಚಿಕ್ಕಮ್ಮ. ಗೋಧಿ ತೆನೆ ಬಿಡುವ ಎರಡು ತಿಂಗಳು ದಿನಕ್ಕೆ ಮೂರು ಹೊಲ ನೋಡುತ್ತಾರೆ. ಒಂದು ಹೊಲಕ್ಕೆ ನೂರು ಗಿಡ, ಮೂಲೆ ಮೂಲೆಯಿಂದ. ನಡಿಗೆ ಏಳು ಕಿಲೋಮೀಟರು. ಇದಕ್ಕೆ ಸಂಬಳವಿಲ್ಲ, ಹುದ್ದೆಯ ಹೆಸರೂ ಇಲ್ಲ. ಪಕ್ಕದ ಪಟ್ಟಣದಲ್ಲಿ ಹದಿನೆಂಟು ವರ್ಷದಿಂದ ಇದ್ದು ಪತ್ರಿಕೆಗೆ ಬರೆಯುವ ನನಗೇ ಇವರ ವಿಷಯ ಹೋದ ತಿಂಗಳವರೆಗೆ ಗೊತ್ತಿರಲಿಲ್ಲ.

ಸವ್ರಿಮೋ ಇದನ್ನು ಕಲಿತದ್ದು ಬೀಜ ಪರೀಕ್ಷೆಯ ಕೋಣೆಯೊಂದರಲ್ಲಿ, ನೆಲ ಗುಡಿಸುತ್ತ. ಅಲ್ಲಿ ಬೀಜ ಪರೀಕ್ಷಿಸುತ್ತಿದ್ದ ತಮಾರಾ ಲ್ವೋವ್ನಾ ಎಂಬಾಕೆ ಒಂದು ದಿನ, "ಕಸದಲ್ಲಿ ಬಿದ್ದ ಬೀಜ ಯಾವುದು ಹೇಳು ನೋಡೋಣ," ಅಂದರಂತೆ. ಇವರು ಹೇಳಿದರು. ಆಮೇಲೆ ಏಳು ವರ್ಷ ಗುಡಿಸಿದ್ದು ಕಡಿಮೆ, ಕಲಿತದ್ದೇ ಹೆಚ್ಚು. ಅಂತರ್ಯುದ್ಧ ಶುರುವಾದಾಗ ಕೋಣೆಗೆ ಬೀಗ ಬಿತ್ತು. ತಮಾರಾ ತಮ್ಮ ಭೂತಗನ್ನಡಿಯನ್ನು ಇವರ ಕೈಗಿಟ್ಟು ರಷ್ಯಾದ ರೈಲು ಹತ್ತಿದರು.

ಎರಡು ಗಿಡದ ಬೀಜವೂ ವಿಷ. ಆದರೆ ಬೋಳುಕಾಯಿಯದು ಗೋಧಿ ಮಾಗುವ ಮೊದಲೇ ಉದುರಿ ಮಣ್ಣು ಸೇರುತ್ತದೆ. ರೋಮದ್ದು ಗೋಧಿಯ ಜೊತೆಗೇ ಮಾಗಿ, ಜೊತೆಗೇ ಕೊಯ್ಲಾಗಿ, ಹಿಟ್ಟಿಗೆ ಬರುತ್ತದೆ. ಊರಿನ ಮುಕ್ಕಾಲು ಗಂಡಸರು ರಷ್ಯಾದಲ್ಲಿ ಕೂಲಿಗೆ ಹೋಗಿದ್ದಾರೆ. ಇಡೀ ಹೊಲದ ಕಳೆ ಕೀಳಲು ಆಳಿಲ್ಲ. ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬಹುದು ಎಂದು ಹೇಳುವುದೇ ಸವ್ರಿಮೋ ಕೆಲಸ.

"ಯಾವತ್ತೂ ತಪ್ಪಿಲ್ಲ ಅಲ್ವಾ?" ಅಂತ ಸುಮ್ಮನೆ ಕೇಳುತ್ತೇನೆ. ಮಾತು ಮುಂದುವರಿಸಲಿಕ್ಕೆ.

"ತಪ್ಪಿದೀನಲ್ಲ," ಅನ್ನುತ್ತಾರೆ, ಗಿಡದಿಂದ ಕಣ್ಣೆತ್ತದೆ. "ಐದು ಜನ ಸತ್ತರು."

ಆರು ವರ್ಷದ ಹಿಂದಿನ ಮಾತು. ನಜ್ಮಿದ್ದೀನ್ ಎಂಬ ರೈತ ನಡುಮಧ್ಯಾಹ್ನ ತನ್ನ ಹೊಲದಿಂದ ಕೂಗಿ ಕೇಳಿದ, "ಖೋಲಾ, ಚೇಳುಕೊಂಡಿ ಕೀಳಿಸ್ಲಾ, ಬಿಡ್ಲಾ?" ಭೂತಗನ್ನಡಿ ಮನೆಯಲ್ಲಿತ್ತು. ಆ ಹೊಲದಲ್ಲಿ ಮೂವತ್ತು ವರ್ಷದಿಂದ ಬೋಳುಕಾಯಿಯದ್ದೇ ಬೆಳೆದಿತ್ತು. ನಿಂತಲ್ಲಿಂದಲೇ, "ಬಿಡಪ್ಪಾ, ಉದುರಿಹೋಗುತ್ತೆ," ಅಂದುಬಿಟ್ಟರು. ಆ ವರ್ಷ ಮಳೆ ತಡವಾಗಿತ್ತು. ಎಲ್ಲಿಂದಲೋ ಬಂದ ರೋಮದ ಗಿಡ ಹೊಲ ತುಂಬಿಕೊಂಡಿತ್ತು. ಆ ಗೋಧಿಯನ್ನು ಹನ್ನೊಂದು ಮನೆಯವರು ಹಂಚಿಕೊಂಡು ತಿಂದರು.

ಶರತ್ಕಾಲಕ್ಕೆ ನಜ್ಮಿದ್ದೀನನ ಹೆಂಡತಿ ಹೋಸಿಯತ್‌ಗೆ ಹೊಟ್ಟೆ ದಪ್ಪವಾಯಿತು. ನಲವತ್ತಾರು ವರ್ಷದ ಹೆಂಗಸು. ನೀರು ತರುವ ಜಾಗದಲ್ಲಿ ಹೆಂಗಸರು ಕೆಣಕಿದರು. "ಈ ವಯಸ್ಸಲ್ಲೂ ಸುಮ್ನಿರಲ್ವಾ ನಿನ್ನ ಗಂಡ? ತೊಟ್ಟಿಲು ಮಾಡ್ಸಿದಾನೋ ಇಲ್ವೋ?" ಹೋಸಿಯತ್ ನಾಚಿ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ಅವಳಿಗೂ ಹಾಗೇ ಅನ್ನಿಸಿತ್ತು.

"ನಾನೂ ನಕ್ಕೆ," ಅನ್ನುತ್ತಾರೆ ಸವ್ರಿಮೋ. "ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನಾನೇ."

ಹದಿನೈದು ದಿನದಲ್ಲಿ ಅವಳ ಹತ್ತು ವರ್ಷದ ಮಗಳಿಗೂ ಹಾಗೇ ಹೊಟ್ಟೆ ಬಂತು. ಆಮೇಲೆ ಪಕ್ಕದ ಮನೆಯ ಮುದುಕನಿಗೆ, ಇನ್ನೂ ಹಲವರಿಗೆ. ಆಗ ಯಾರೂ ನಗಲಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಡೊಳ್ಳು. ಒಬ್ಬರು ಕಾಮಾಲೆ ಅಂದರು, ಇನ್ನೊಬ್ಬರು ನೀರು ಕೆಟ್ಟಿದೆ ಅಂದರು. ನೋಡಿ ಬರಲು ಹೋದ ಸವ್ರಿಮೋಗೆ ಹೋಸಿಯತ್ ಚಹಾ ಕೊಟ್ಟು ರೊಟ್ಟಿ ಮುರಿದಳು. ರೊಟ್ಟಿ ತುಸು ಕಹಿಯಾಗಿತ್ತು. ಮನೆಗೆ ಓಡಿ ಭೂತಗನ್ನಡಿ ತಂದು, ಅವರ ಗೋಧಿಯನ್ನು ಬಿಳಿ ಬಟ್ಟೆಯ ಮೇಲೆ ಹರವಿದರು. ಒಂದು ಹಿಡಿಯಲ್ಲಿ ಇಪ್ಪತ್ತಮೂರು ಕಳೆಬೀಜ. ಎಲ್ಲಕ್ಕೂ ರೋಮ.

"ಮತ್ತೆ ಮತ್ತೆ ಎಣಿಸ್ದೆ. ಅವಳು 'ಏನಾಯ್ತು ಖೋಲಾ, ರೊಟ್ಟಿ ಚೆನ್ನಾಗಿಲ್ವಾ' ಅಂತ ನನ್ನ ಬೆನ್ನು ಸವರ್ತಿದ್ಳು."

ಅಂದು ಶುಕ್ರವಾರ. ನಮಾಜು ಮುಗಿಸಿ ಗಂಡಸರು ಮಸೀದಿಯ ಅಂಗಳದಲ್ಲಿದ್ದರು. ಹೆಂಗಸರು ಹೋಗದ ಆ ಜಾಗಕ್ಕೆ ಸವ್ರಿಮೋ ಹೋಗಿ ನಿಂತರು. "ರೊಟ್ಟಿ ತಿನ್ನಬೇಡಿ. ಗೋಧೀಲಿ ವಿಷ ಇದೆ," ಅಂದರು. ನಜ್ಮಿದ್ದೀನ್ ಎದ್ದ. "ಬಿಡು ಅಂತ ನೀನೇ ಅಂದಿದ್ಯಲ್ಲ ಖೋಲಾ?"

"ಹೌದು. ನಾನೇ ಅಂದಿದ್ದು."

ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಒಬ್ಬೊಬ್ಬರೇ ಎದ್ದು ಮನೆಗೆ ಹೋಗಿ ಚೀಲ ಹೊತ್ತು ತಂದರು. ಚಳಿಗಾಲದ ಬಾಗಿಲಲ್ಲಿ ಹನ್ನೊಂದು ಮನೆಯ ಅಷ್ಟೂ ಗೋಧಿ ಗುಂಡಿಗೆ ಬಿತ್ತು. ಉಳಿದ ಮನೆಗಳು ತಮ್ಮದರಲ್ಲೇ ಪಾಲು ಕೊಟ್ಟವು. ಹೊಟ್ಟೆ ಊದಿದ್ದ ಬಹುಪಾಲು ಜನ ನಿಧಾನಕ್ಕೆ ಚೇತರಿಸಿಕೊಂಡರು. ನಜ್ಮಿದ್ದೀನನ ಮಗಳೂ ಉಳಿದಳು. ಹಿಮ ಕರಗುವಷ್ಟರಲ್ಲಿ ಹೋಸಿಯತ್ ಹೋದಳು, ಜೊತೆಗೆ ಇನ್ನೂ ನಾಲ್ವರು.

ಮರುವರ್ಷ ವಸಂತದಲ್ಲಿ ಸವ್ರಿಮೋ ಮನೆಯಿಂದ ಹೊರಬರಲಿಲ್ಲ. ಒಂದು ಬೆಳಗ್ಗೆ ನಜ್ಮಿದ್ದೀನ್ ಬಂದು ಕದ ಬಡಿದ.

"ಏಳು ಖೋಲಾ. ಬಿಸಿಲೇರೋದ್ರೊಳಗೆ ನನ್ನ ಹೊಲ ನೋಡು."

"ನನ್ನ ಮಾತು ನಂಬ್ತೀಯೇನೋ ಇನ್ನೂ?"

"ನಂಬಲ್ಲ. ಜೊತೆಗೆ ನಾನೂ ನೋಡ್ತೀನಿ. ಕಲಿಸು."

ಅಂದಿನಿಂದ ಇವತ್ತಿನವರೆಗೆ ಇಬ್ಬರೂ ಜೊತೆಗೇ ನಡೆಯುತ್ತಾರೆ. ಆರನೇ ಬೆಳೆ ಇದು. ಮತ್ತೆ ಯಾರಿಗೂ ಹೊಟ್ಟೆ ಊದಿಲ್ಲ.

ಹೊಲದ ಆ ತುದಿಯಿಂದ ನಜ್ಮಿದ್ದೀನ್ ಒಂದು ಗಿಡ ಹಿಡಿದು ಬರುತ್ತಾನೆ. ಸವ್ರಿಮೋ ನೋಡಿ "ಬೋಳು" ಅನ್ನುತ್ತಾರೆ. ಆತ ತಲೆ ಅಲ್ಲಾಡಿಸುತ್ತಾನೆ. "ಅಲ್ಲ, ರೋಮ ಇದೆ. ಕಣ್ಣು ಮಂಜಾಗಿದೆ ನಿಂಗೆ. ಸರಿಯಾಗಿ ನೋಡು." ಇವರು ಭೂತಗನ್ನಡಿಯಲ್ಲಿ ತುಂಬ ಹೊತ್ತು ನೋಡುತ್ತಾರೆ. ರೋಮ ಇದೆ. ಆತ ಆ ಸಾಲಿನ ಗಿಡ ಕೀಳಲು ಬಾಗುತ್ತಾನೆ.

ಬೇಸರವಾಯಿತೇ ಎಂದು ಕೇಳಿದರೆ ಸವ್ರಿಮೋ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ.

"ಬೇಸರ ಯಾಕೆ? ಮೂವತ್ತು ವರ್ಷ ಎಲ್ರೂ 'ಖೋಲಾ ಹೇಳಿದ್ಮೇಲೆ ಆಯ್ತು' ಅಂತಿದ್ರು. ಈಗ 'ಅಲ್ಲ' ಅನ್ನೋಕೆ ಒಬ್ಬ ಇದಾನೆ. ಸಾಯೋದ್ರೊಳಗೆ ಇನ್ನೂ ಇಬ್ರು ಸಿಕ್ಕರೆ ಸಾಕು ನಂಗೆ."